ಹಳೆಯ ವಾಹನದ ಎಂಜಿನ್ ಬದಲಾವಣೆ ಮತ್ತು ಸವೆದ ಭಾಗಗಳ ಪರಿಶೀಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರು, ಜೀಪು, ಟ್ರಕ್ಕುಗಳ ಎಂಜಿನ್ ಬದಲಾಯಿಸಲು ಹೊರಟವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉತ್ತರಗಳಲ್ಲಿ ಬರುವ ಅಳತೆಗಳು ಈ ಕೆಲಸದಲ್ಲಿ ರೂಢಿಯಲ್ಲಿರುವ ಸಾಮಾನ್ಯ ಮಿತಿಗಳು. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಬೇಕು.

## ಬಿಚ್ಚುವ ಮೊದಲು

ಎಂಜಿನ್ ಹೇಗೂ ಬದಲಾಯಿಸುತ್ತಿದ್ದೇನೆ. ಹಾಳಾದ ಹಳೆಯದನ್ನು ಬಿಚ್ಚಿ ನೋಡುವುದರಿಂದ ನನಗೇನು ಲಾಭ?

ಎಂಜಿನ್ ತಾನಾಗಿ ಕೆಡುವುದು ಅಪರೂಪ. ಯಾವುದೋ ಒಂದು ಕಾರಣ ಅದನ್ನು ಕೆಡಿಸಿರುತ್ತದೆ, ಮತ್ತು ಆ ಕಾರಣ ಅನೇಕ ಸಲ ಎಂಜಿನ್‌ನೊಳಗೆ ಇರದೆ ವಾಹನದಲ್ಲೇ ಉಳಿದುಕೊಂಡಿರುತ್ತದೆ. ಕಿಟ್ಟ ಕಟ್ಟಿದ ರೇಡಿಯೇಟರ್, ಧೂಳನ್ನು ಸೋಸದ ಏರ್ ಕ್ಲೀನರ್, ತುಕ್ಕು ಉದುರುವ ಪೆಟ್ರೋಲ್ ಟ್ಯಾಂಕ್, ತಪ್ಪಾಗಿ ಹೊಂದಿಸಿದ ಕ್ಲಚ್ ಪೆಡಲ್ ಇವು ಯಾವುವೂ ಹಳೆಯ ಎಂಜಿನ್‌ನೊಡನೆ ಹೊರಗೆ ಹೋಗುವುದಿಲ್ಲ. ಹೊಸದು ಬಂದು ಕೂರುವುದನ್ನೇ ಕಾದಿರುತ್ತವೆ. ನಾನೂ ಒಮ್ಮೆ ಅವಸರದಲ್ಲಿ ಹಳೆಯ ಎಂಜಿನ್ ಅನ್ನು ನೋಡದೆಯೇ ಗುಜರಿಗೆ ಕಳಿಸಿ, ಹೊಸದಾಗಿ ಕಟ್ಟಿದ ಎಂಜಿನ್ ಕೂರಿಸಿದ್ದೆ. ಕೆಲವೇ ತಿಂಗಳಲ್ಲಿ ಅದರ ಥ್ರಸ್ಟ್ ವಾಷರ್‌ಗಳು (ಎಂಜಿನ್‌ನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್ ಶಾಫ್ಟ್ ಹಿಂದೆಮುಂದೆ ಸರಿಯದಂತೆ ತಡೆಯುವ ಬಿಲ್ಲೆಗಳು) ತೇದುಹೋದವು. ಕ್ಲಚ್ ಪೆಡಲ್‌ಗೆ ಇರಬೇಕಾದ ಬಿಡುವು ಇಲ್ಲದೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡಿದ್ದು, ಕ್ರ್ಯಾಂಕ್ ಶಾಫ್ಟ್ ಅನ್ನು ದಿನವಿಡೀ ಮುಂದಕ್ಕೆ ತಳ್ಳುತ್ತಿತ್ತು. ಹಳೆಯ ಎಂಜಿನ್‌ನ ವಾಷರ್‌ಗಳನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಅದೇ ಸವೆತ ಅಲ್ಲಿಯೂ ಕಾಣುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದ್ದರಿಂದ ಒಳಗೆ ಬರುವ ಎಂಜಿನ್ ಅನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಹೊರಗೆ ಹೋಗುವ ಎಂಜಿನ್ ಅನ್ನೂ ಪರೀಕ್ಷಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬೇರೆ ವಾಹನದಿಂದ ತೆಗೆದ ಎಂಜಿನ್ ಸಿಕ್ಕಿದೆ. ಬಿಚ್ಚದೆಯೇ ಅದರ ಸ್ಥಿತಿ ತಿಳಿಯಲು ಸಾಧ್ಯವೇ?

ಬಹುಮಟ್ಟಿಗೆ ಸಾಧ್ಯ. ಮೊದಲನೆಯದು ಕಂಪ್ರೆಷನ್ ಪರೀಕ್ಷೆ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರ್ ಕಟ್ಟುವ ಒತ್ತಡವನ್ನು ಪ್ಲಗ್ ರಂಧ್ರದಲ್ಲಿ ಗೇಜ್ ಇಟ್ಟು ಅಳೆಯುವುದು. ಸಾಧ್ಯವಿದ್ದರೆ ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಪ್ಲಗ್‌ಗಳನ್ನೂ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ತುಂಬಿರಬೇಕು. ಇಲ್ಲಿ ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ; ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಶೇ. 10ರೊಳಗಿನ ಅಂತರವಿದ್ದರೆ ಸಮಾಧಾನಪಡಬಹುದು. ಇಂದಿನ ಕಾರುಗಳ ಅಂಕಿಗಳನ್ನು ಹಳೆಯ ಎಂಜಿನ್‌ಗೆ ಹೋಲಿಸಬಾರದು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಎಂಜಿನ್‌ನ ಕಂಪ್ರೆಷನ್ ಅನುಪಾತ 4:1ರ ಆಸುಪಾಸಿನಲ್ಲಿತ್ತು. ಆರೋಗ್ಯವಾಗಿರುವ ಅಂಥ ಎಂಜಿನ್ ತೋರಿಸುವ ಒತ್ತಡವನ್ನು ಇಂದಿನ ಮೆಕ್ಯಾನಿಕ್ ಸತ್ತ ಎಂಜಿನ್‌ನದೆಂದೇ ಭಾವಿಸಿಯಾನು.

ಕಡಿಮೆ ತೋರಿಸಿದ ಸಿಲಿಂಡರ್‌ಗೆ ಒಂದು ಚಮಚದಷ್ಟು ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ದೋಷ ಪಿಸ್ಟನ್ ಸುತ್ತಲಿನ ಉಂಗುರವಾದ ರಿಂಗ್ ಅಥವಾ ಸಿಲಿಂಡರ್‌ನ ಒಳಕೊರೆತವಾದ ಬೋರ್‌ನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿದೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಸಿಲಿಂಡರ್‌ಗಳು ಅಡ್ಡಲಾಗಿ ಮಲಗಿರುವ ಎಂಜಿನ್‌ಗಳಲ್ಲಿ ಎಣ್ಣೆ ಒಂದೇ ಬದಿಗೆ ಹರಿದು ನಿಲ್ಲುವುದರಿಂದ ಈ ಉಪಾಯವನ್ನು ನೆಚ್ಚುವಂತಿಲ್ಲ.

ಇದಕ್ಕಿಂತ ಸ್ಪಷ್ಟವಾದದ್ದು ಲೀಕ್‌ಡೌನ್ ಪರೀಕ್ಷೆ. ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಪ್ಲಗ್ ರಂಧ್ರದಿಂದ ಒತ್ತಡದ ಗಾಳಿ ಬಿಟ್ಟು, ಅದು ಎಲ್ಲಿಂದ ಸೋರುತ್ತದೆಂದು ಕಿವಿಗೊಟ್ಟು ಕೇಳುವುದು. ಕಾರ್ಬ್ಯುರೇಟರ್‌ನಲ್ಲಿ ಸುಯ್ಯೆಂದರೆ ಇನ್ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಾದರೆ ಎಗ್ಸಾಸ್ಟ್ ವಾಲ್ವ್, ಎಣ್ಣೆ ಹಾಕುವ ಬಾಯಿಯಲ್ಲಾದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ಹಠಾತ್ತನೆ ತಿರುಗುವ ಅಪಾಯವಿರುವುದರಿಂದ ಅದನ್ನು ಅಲುಗದಂತೆ ಬಂಧಿಸಿ, ಬೋಲ್ಟಿನ ಮೇಲೆ ಸ್ಪ್ಯಾನರ್ ಉಳಿಯದಂತೆ ನೋಡಿಕೊಳ್ಳಬೇಕು.

ಎಂಜಿನ್ ಜಾಮ್ ಆಗಿದೆ. ಸ್ಟಾರ್ಟರ್ ಕೊಟ್ಟು ಬಿಡಿಸಬಹುದೇ?

ಬೇಡ. ರಿಂಗ್‌ಗಳು ಬೋರ್‌ಗೆ ತುಕ್ಕಿನಿಂದ ಅಂಟಿರುವಾಗ ಬಲವಂತವಾಗಿ ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಪಿಸ್ಟನ್‌ನ ಅಂಚು ಸಿಡಿಯುತ್ತದೆ, ಕೆಲವೊಮ್ಮೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು ಪ್ರತಿ ಸಿಲಿಂಡರ್‌ಗೂ ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು, ಫ್ಲೈವೀಲ್ ಬದಿಯಿಂದ ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತೂಗಬೇಕು. ಒಂದು ಕೂದಲೆಳೆಯಷ್ಟು ಅಲುಗಿದರೂ ಅದು ಒಳ್ಳೆಯ ಸೂಚನೆ. ಬಿಟ್ಟುಕೊಂಡ ಮೇಲೆ ಆ ಎಂಜಿನ್ ಅನ್ನು ಹಾಗೆಯೇ ಓಡಿಸದೆ ಬಿಚ್ಚಲೇಬೇಕು. ತುಕ್ಕು ತಿಂದ ಗುಳಿಗಳು ಬೋರ್‌ನಲ್ಲಿ ಉಳಿದೇ ಇರುತ್ತವೆ.

ಯಾವ ಅಳತೆ ಸಾಧನಗಳು ಬೇಕೇ ಬೇಕು?

ಹೊರ ಅಳತೆಗೆ ಮೈಕ್ರೋಮೀಟರ್, ಒಳ ಅಳತೆಗೆ ಬೋರ್ ಗೇಜ್, ಅಲುಗಾಟ ಅಳೆಯಲು ಸ್ಟ್ಯಾಂಡ್ ಸಮೇತ ಡಯಲ್ ಗೇಜ್, ಸಂದು ಅಳೆಯಲು ಫೀಲರ್ ಗೇಜ್ (ತೆಳು ಉಕ್ಕಿನ ಎಲೆಗಳು) ಮತ್ತು ನಂಬಿಕೆಗೆ ಅರ್ಹವಾದ ಒಂದು ನೇರಪಟ್ಟಿ. ವರ್ನಿಯರ್ ಕ್ಯಾಲಿಪರ್ ಎಷ್ಟೇ ಒಳ್ಳೆಯದಾದರೂ ಬೇರಿಂಗ್ ಕೆಲಸಕ್ಕೆ ಸಾಲದು. ಇಲ್ಲಿ ತೀರ್ಮಾನವಾಗುವುದು ಮಿಲಿಮೀಟರಿನ ನೂರರ ಭಾಗಗಳಲ್ಲಿ. ಹಳೆಯ ಕೈಪಿಡಿಗಳು ಅಂಗುಲದ ಸಾವಿರದ ಒಂದು ಭಾಗವಾದ ‘ಥೌ’ನಲ್ಲಿ ಮಾತಾಡುತ್ತವೆ, ಒಂದು ಥೌ ಎಂದರೆ 0.0254 ಮಿ.ಮೀ.

ಅಳೆಯುವ ಮುನ್ನ ಭಾಗವೂ ಸಾಧನವೂ ಒಂದೇ ಕೋಣೆಯಲ್ಲಿ ಕೆಲವು ಗಂಟೆ ಇದ್ದು ಒಂದೇ ಉಷ್ಣತೆಗೆ ಬರಬೇಕು. ಅಳತೆಗೆ ಒಪ್ಪಿತ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 80 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ಅದಕ್ಕಿಂತ 15 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 0.03 ಮಿ.ಮೀ. ಹಿಗ್ಗಿರುತ್ತದೆ. ಬಿಸಿಲಿನಲ್ಲಿಟ್ಟ ಪಿಸ್ಟನ್ ಅಳೆದು ಕ್ಲಿಯರೆನ್ಸ್ (ಭಾಗಗಳ ನಡುವಿನ ಬಿಡುವು) ಸರಿಯಿದೆ ಎಂದುಕೊಂಡವರು ಮೋಸಹೋಗುವುದು ಇಲ್ಲಿಯೇ.

ಬಿಚ್ಚಿದ ಭಾಗಗಳನ್ನು ಮೊದಲು ತೊಳೆಯಬೇಕೋ, ಮೊದಲು ನೋಡಬೇಕೋ?

ಮೊದಲು ನೋಡಬೇಕು, ಚಿತ್ರ ತೆಗೆಯಬೇಕು, ಗುರುತು ಹಾಕಬೇಕು, ಆಮೇಲೆ ತೊಳೆಯಬೇಕು. ಪಿಸ್ಟನ್ ತಲೆಯ ಮಸಿಯ ಬಣ್ಣ, ಸಂಪಿನ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿಯ) ತಳದ ಕೆಸರು, ಎಣ್ಣೆಯೊಳಗಿನ ಮಿನುಗುವ ಚೂರುಗಳು, ಗ್ಯಾಸ್ಕೆಟ್ ಮೇಲೆ ಬೆಂಕಿ ದಾಟಿದ ಕಪ್ಪು ಹಾದಿ ಇವೆಲ್ಲ ಸಾಕ್ಷ್ಯಗಳು, ಒಮ್ಮೆ ಡೀಸೆಲ್‌ನಲ್ಲಿ ಅದ್ದಿದರೆ ಹೋದವೇ. ಎಣ್ಣೆಯಲ್ಲಿ ಹಾಲು ಬೆರೆಸಿದಂಥ ಬಿಳಿ ನೊರೆ ಇದ್ದರೆ ನೀರು ಸೇರಿದೆ ಎಂದರ್ಥ. ಪ್ರತಿ ಬೇರಿಂಗ್, ಟ್ಯಾಪೆಟ್, ವಾಲ್ವ್, ಪುಷ್‌ರಾಡ್ ತನ್ನ ಜಾಗದ ಸಂಖ್ಯೆ ಹೊತ್ತ ಡಬ್ಬಿಗೆ ಹೋಗಬೇಕು.

ಒಂದು ಎಚ್ಚರಿಕೆ: ಹಳೆಯ ವಾಹನಗಳ ಹೆಡ್ ಗ್ಯಾಸ್ಕೆಟ್, ಎಗ್ಸಾಸ್ಟ್ ಗ್ಯಾಸ್ಕೆಟ್ ಮತ್ತು ಕ್ಲಚ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಬಹಳ. ಅವುಗಳ ಧೂಳನ್ನು ಗಾಳಿ ಊದಿ ಹಾರಿಸಬಾರದು, ಒಣಗಿದಂತೆಯೇ ಕೆರೆಯಲೂಬಾರದು; ಒದ್ದೆ ಮಾಡಿ, ತಕ್ಕ ಮುಖಗವಸು ಧರಿಸಿ ತೆಗೆಯಬೇಕು.

## ಬಿಚ್ಚಿದ ಮೇಲೆ

ಬೋರ್‌ನ ಮೇಲ್ಭಾಗದಲ್ಲಿ ಮೆಟ್ಟಿಲಿನಂತೆ ಬೆರಳಿಗೆ ತಗಲುತ್ತದೆ. ಇದು ಕೆಟ್ಟ ಲಕ್ಷಣವೇ?

ಅದು ಸವೆತದ ಲೆಕ್ಕ. ಮೆಟ್ಟಿಲಿನ ಮೇಲಿನ ಪಟ್ಟಿ ರಿಂಗ್ ಎಂದೂ ಮುಟ್ಟದ ಭಾಗ, ಅದರ ಕೆಳಗಿನದು ತೇದ ಭಾಗ. ಸಿಲಿಂಡರ್ ಅತಿ ಹೆಚ್ಚು ಸವೆಯುವುದು ಮೇಲಿನ ರಿಂಗ್ ಒಂದು ಕ್ಷಣ ನಿಂತು ದಿಕ್ಕು ಬದಲಾಯಿಸುವ ಜಾಗದಲ್ಲಿ. ಆ ಕ್ಷಣದಲ್ಲಿ ಎಣ್ಣೆಯ ಪದರ ನಿಲ್ಲುವುದಿಲ್ಲ, ಉರಿಯ ಒತ್ತಡ ರಿಂಗ್‌ನ ಬೆನ್ನಿಗೆ ಬಿದ್ದು ಅದನ್ನು ಗೋಡೆಗೆ ಒತ್ತುತ್ತದೆ, ಶಾಖವೂ ಅಲ್ಲೇ ಹೆಚ್ಚು. ಕೆಳಗೆ ಹೋದಂತೆ ಸವೆತ ಕಡಿಮೆಯಾಗುತ್ತದೆ. ಆದ್ದರಿಂದ ಹಳೆಯ ಬೋರ್ ಮೇಲೆ ಅಗಲ, ಕೆಳಗೆ ಕಿರಿದು. ಕ್ರ್ಯಾಂಕ್‌ಗೆ ಅಡ್ಡ ದಿಕ್ಕಿನಲ್ಲಿ ಪಿಸ್ಟನ್ ಗೋಡೆಗೆ ಒತ್ತುವುದರಿಂದ ಬೋರ್ ಮೊಟ್ಟೆಯಾಕಾರಕ್ಕೂ ತಿರುಗುತ್ತದೆ.

ಹೀಗಾಗಿ ಪ್ರತಿ ಸಿಲಿಂಡರ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ, ಒಟ್ಟು ಆರು ಅಳತೆ ಬೇಕು. ಸವೆತ 0.2 ಮಿ.ಮೀ. ಸಮೀಪಿಸಿದ್ದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುವುದೇ ಸರಿ ಎಂಬುದು ಹಳೆಯ ರೂಢಿ, ಅದನ್ನು ನಾನೂ ಒಪ್ಪುತ್ತೇನೆ. ಬೋರ್ ಗೇಜ್ ಸಿಗದಿದ್ದರೆ ಒಂದು ಉಪಾಯವಿದೆ. ಒಂದು ರಿಂಗ್ ಅನ್ನು ತಲೆಕೆಳಗು ಮಾಡಿದ ಪಿಸ್ಟನ್‌ನಿಂದ ನೇರವಾಗಿ ತಳ್ಳಿ, ಬೋರ್‌ನ ಕೆಳಭಾಗದಲ್ಲೂ ಮೆಟ್ಟಿಲಿನ ಸ್ವಲ್ಪ ಕೆಳಗೂ ಅದರ ಬಾಯಿಯ ಸಂದನ್ನು ಫೀಲರ್‌ನಿಂದ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದ ಸವೆತ ಸಿಗುತ್ತದೆ. ಸಂದು 0.63 ಮಿ.ಮೀ. ಹೆಚ್ಚಿದ್ದರೆ ಬೋರ್ 0.2 ಮಿ.ಮೀ. ತೇದಿದೆ ಎಂದರ್ಥ. ಮೊಟ್ಟೆಯಾಕಾರವನ್ನು ಮಾತ್ರ ಇದು ತೋರಿಸದು.

ಬರೀ ರಿಂಗ್ ಸೆಟ್ ಬದಲಾಯಿಸಿದರೆ ಸಾಲದೇ?

ಬೋರ್ ಸವೆತ ಮಿತಿಯೊಳಗಿದ್ದರೆ ಸಾಕಾದೀತು, ಆದರೆ ಮೆಟ್ಟಿಲನ್ನು ಮೊದಲು ಕೆರೆದು ತೆಗೆಯಲೇಬೇಕು. ಹಳೆಯ ರಿಂಗ್‌ನ ಅಂಚು ಮೆಟ್ಟಿಲಿಗೆ ತಕ್ಕಂತೆ ದುಂಡಾಗಿತ್ತು. ಹೊಸದರ ಚೂಪಾದ ಅಂಚು ಪ್ರತಿ ಸುತ್ತಿಗೂ ಅದಕ್ಕೆ ಬಡಿದು, ರಿಂಗ್ ಅಥವಾ ಅದರ ಮೇಲಿನ ಪಿಸ್ಟನ್ ಅಂಚು ಮುರಿಯುತ್ತದೆ. ಕನ್ನಡಿಯಂತೆ ಹೊಳೆಯುವ ಗೋಡೆಗೆ ಹೋನ್ ಮಾಡಿ (ಸಾಣೆಕಲ್ಲುಗಳಿಂದ ಉಜ್ಜಿ) ಅಡ್ಡಗೀರುಗಳನ್ನು ಕೊಡದಿದ್ದರೆ ರಿಂಗ್ ಹೊಂದಿಕೊಳ್ಳುವುದಿಲ್ಲ. ಹೋನ್ ಮಾಡಿದ ಮೇಲೆ ಬಿಸಿನೀರು, ಸೋಪು ಮತ್ತು ಬ್ರಷ್‌ನಿಂದ ತೊಳೆದು, ಬಿಳಿಬಟ್ಟೆಗೆ ಬೂದುಬಣ್ಣ ಹತ್ತದಿರುವ ತನಕ ಒರೆಸಿ, ಕೂಡಲೇ ಎಣ್ಣೆ ಹಚ್ಚಬೇಕು. ಪೆಟ್ರೋಲ್‌ನಿಂದ ಒರೆಸಿದರೆ ಸಾಣೆಪುಡಿ ಗೀರುಗಳಲ್ಲೇ ಉಳಿಯುತ್ತದೆ. ಹೊಸ ರಿಂಗ್‌ನ ಬಾಯಿಯ ಸಂದು ಸಾಮಾನ್ಯವಾಗಿ ಬೋರ್‌ನ ಪ್ರತಿ ಮಿ.ಮೀ.ಗೆ 0.003ರಿಂದ 0.004 ಮಿ.ಮೀ., ಅಂದರೆ 80 ಮಿ.ಮೀ. ಬೋರ್‌ಗೆ ಸುಮಾರು 0.24ರಿಂದ 0.32.

ಪಿಸ್ಟನ್‌ಗಳು ನೋಡಲು ಚೆನ್ನಾಗಿವೆ. ಮತ್ತೆ ಹಾಕಬಹುದೇ?

ನೋಟಕ್ಕಿಂತ ರಿಂಗ್ ಕೂರುವ ತೋಡಿನ ಸ್ಥಿತಿ ಮುಖ್ಯ. ಮೇಲಿನ ತೋಡಿನಲ್ಲಿ ಹೊಸ ರಿಂಗ್ ಇಟ್ಟು ಪಕ್ಕದ ಸಂದನ್ನು ಅಳೆದಾಗ 0.04ರಿಂದ 0.08 ಮಿ.ಮೀ. ಇದ್ದರೆ ಒಳ್ಳೆಯದು, 0.15 ದಾಟಿದ್ದರೆ ಆ ಪಿಸ್ಟನ್ ಬೇಡ, ರಿಂಗ್ ಅಲ್ಲಿ ಕುಣಿದು ಎಣ್ಣೆಯನ್ನು ಮೇಲಕ್ಕೆ ಪಂಪ್ ಮಾಡುತ್ತದೆ. ತೋಡಿನ ಮಸಿಯನ್ನು ಮುರಿದ ರಿಂಗ್‌ನಿಂದ ಕೆರೆಯುವಾಗ ಲೋಹ ಕೆರೆಯದಂತೆ ಎಚ್ಚರವಿರಲಿ.

ಪಿಸ್ಟನ್‌ನ ಬದಿಗಳು ಇನ್ನೂ ಹೆಚ್ಚು ಹೇಳುತ್ತವೆ. ಸವೆತದ ಗುರುತು ಒಂದು ಬದಿಯಲ್ಲಿ ಮೇಲೆ, ಎದುರು ಬದಿಯಲ್ಲಿ ಕೆಳಗೆ ಎಂಬಂತೆ ಓರೆಯಾಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ. ಪಿನ್‌ನ ಇಕ್ಕೆಲಗಳಲ್ಲಿ ನಾಲ್ಕು ಮೂಲೆಗಳಲ್ಲಿ ಉಜ್ಜಿದ್ದರೆ ಎಂಜಿನ್ ಅತಿಯಾಗಿ ಕಾದಿದೆ. ಮೇಲಿನಿಂದ ಕೆಳಕ್ಕೆ ಸಣ್ಣ ನೇರ ಗೀರುಗಳೇ ತುಂಬಿದ್ದರೆ ಧೂಳು ಒಳಗೆ ಹೋಗಿದೆ. ತಲೆಯ ಅಂಚು ಇಲಿ ಕಡಿದಂತೆ ತಿಂದುಹೋಗಿದ್ದರೆ ಇಗ್ನಿಷನ್ ಕಿಡಿ ತೀರಾ ಬೇಗ ಹಾರುತ್ತಿತ್ತೇ, ಇಂಧನ ಎಂಜಿನ್‌ಗೆ ತಕ್ಕದ್ದಾಗಿತ್ತೇ ಎಂದು ವಿಚಾರಿಸಬೇಕು.

ಬೇರಿಂಗ್ ಶೆಲ್‌ಗಳನ್ನು ಎಲ್ಲರೂ ಹೇಗೂ ಎಸೆಯುತ್ತಾರೆ. ಅವುಗಳಲ್ಲಿ ನೋಡುವಂಥದ್ದೇನಿದೆ?

ಇಡೀ ಎಂಜಿನ್‌ನಲ್ಲಿ ಇಷ್ಟು ಪ್ರಾಮಾಣಿಕವಾಗಿ ತನ್ನ ಕಥೆ ಹೇಳುವ ಭಾಗ ಇನ್ನೊಂದಿಲ್ಲ. ಕ್ರ್ಯಾಂಕ್ ಅನ್ನು ಸುತ್ತುವರಿದ ಅರೆಬಳೆಯಂಥ ಈ ಬೇರಿಂಗ್ ಉದ್ದೇಶಪೂರ್ವಕವಾಗಿಯೇ ಮೃದು. ಕ್ರ್ಯಾಂಕ್ ಉಳಿಯಲೆಂದು ತಾನು ಗಾಯ ಹೊತ್ತುಕೊಳ್ಳುವಂತೆ ಮಾಡಿದ ಭಾಗ ಅದು. ಎಲ್ಲ ಶೆಲ್‌ಗಳನ್ನೂ ಬಿಚ್ಚಿದ ಕ್ರಮದಲ್ಲೇ ಮೇಲಿನ ಸಾಲು, ಕೆಳಗಿನ ಸಾಲು ಎಂದು ಮೇಜಿನ ಮೇಲೆ ಜೋಡಿಸಿ, ಒಳ್ಳೆಯ ಬೆಳಕಿನಲ್ಲಿ ನೋಡಿ.

ಉರಿಯ ಹೊಡೆತ ಬೀಳುವುದು ರಾಡ್‌ನ ಮೇಲಿನ ಶೆಲ್ ಮತ್ತು ಕ್ರ್ಯಾಂಕ್ ಅನ್ನು ಬ್ಲಾಕ್‌ನಲ್ಲಿ ಹಿಡಿಯುವ ಮೇನ್ ಬೇರಿಂಗ್‌ನ ಕೆಳಗಿನ ಶೆಲ್ ಮೇಲೆ, ಆದ್ದರಿಂದ ಅವು ಸ್ವಲ್ಪ ಹೆಚ್ಚು ಸವೆದಿರುವುದು ಸಹಜ. ಸುತ್ತಲೂ ಗೀರುಗಳು, ನಡುವೆ ಹೊಳೆಯುವ ಚುಕ್ಕೆಗಳು ಇದ್ದರೆ ಎಣ್ಣೆಯಲ್ಲಿ ಕಸ ಓಡಾಡಿದೆ. ಮೇಲ್ಮೈ ಒಣಗಿದ ಕೆರೆಯ ಮಣ್ಣಿನಂತೆ ಬಿರಿದು ಚಕ್ಕೆ ಏಳುತ್ತಿದ್ದರೆ ಲೋಹ ದಣಿದಿದೆ: ಅತಿಭಾರ ಅಥವಾ ದೀರ್ಘಾಯುಷ್ಯ. ಲೋಹ ಕರಗಿ ಒರೆಸಿದಂತೆ ಹರಡಿ ಕಪ್ಪಾಗಿದ್ದರೆ ಎಣ್ಣೆ ತಲುಪಿಲ್ಲ. ಬೂದುಬಣ್ಣದ ಸಣ್ಣ ಗುಳಿಗಳು ತುಂಬಿದ್ದರೆ ಬದಲಾಯಿಸದ ಎಣ್ಣೆಯ ಆಮ್ಲ ಅಥವಾ ನೀರು ತಿಂದಿದೆ. ಮೇಲಿನ ಶೆಲ್‌ನ ಒಂದು ಅಂಚು, ಕೆಳಗಿನದರ ಎದುರು ಅಂಚು ಸವೆದಿದ್ದರೆ ಮತ್ತೆ ಬಾಗಿದ ರಾಡ್‌ನತ್ತ ಬೆರಳು ತೋರುತ್ತದೆ. ಮೇನ್ ಬೇರಿಂಗ್‌ಗಳ ಪೈಕಿ ನಡುವಿನದು ಹೆಚ್ಚು, ಬದಿಯವು ಕ್ರಮೇಣ ಕಡಿಮೆ ಸವೆದಿದ್ದರೆ ಕ್ರ್ಯಾಂಕ್ ಅಥವಾ ಬ್ಲಾಕ್ ಸೊಟ್ಟಗಾಗಿದೆ. ಒಂದೇ ಕಡೆ ಒಂದು ಹೊಳೆಯುವ ಮಚ್ಚೆ ಇದ್ದರೆ ಶೆಲ್‌ನ ಬೆನ್ನನ್ನು ತಿರುಗಿಸಿ ನೋಡಿ, ಹಿಂದಿನ ಬಾರಿ ಜೋಡಿಸಿದವರು ಒರೆಸದೆ ಬಿಟ್ಟ ಕಸದ ಚೂರು ಅಲ್ಲಿ ಸಿಕ್ಕಿಕೊಂಡಿರುತ್ತದೆ.

ಮೂರು ಪದರದ ಶೆಲ್‌ಗಳಲ್ಲಿ ಬೂದು ಪದರ ತೇದು ತಾಮ್ರದ ಬಣ್ಣ ಹೊರಗೆ ಬಂದಿದ್ದರೆ ಅವುಗಳ ಕಾಲ ಮುಗಿದಿದೆ. ಎಸೆಯುವ ಮುನ್ನ ಶೆಲ್‌ನ ಬೆನ್ನ ಮೇಲೆ ಒತ್ತಿದ ಅಂಕಿಯನ್ನು ಬರೆದುಕೊಳ್ಳಿ. ಕ್ರ್ಯಾಂಕ್ ಈ ಮೊದಲೇ ಎಷ್ಟರ ಮಟ್ಟಿಗೆ ಸಾಣೆ ಕಂಡಿದೆ ಎಂಬುದು ಅದರಿಂದ ತಿಳಿಯುತ್ತದೆ.

ಕ್ರ್ಯಾಂಕ್ ಶಾಫ್ಟ್ ಮೇಲಿನ ಗೀರು ಉಗುರಿಗೆ ತಗಲುತ್ತದೆ. ಗ್ರೈಂಡ್ ಮಾಡಿಸಲೇಬೇಕೇ?

ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಹೌದು. ಬರೀ ಕಣ್ಣಿಗೆ ಕಂಡು ಉಗುರಿಗೆ ಸಿಗದ ಗೆರೆಯನ್ನು ಪಾಲಿಷ್ ಮಾಡಿಸಿ ಮುಂದುವರಿಯಬಹುದು. ತಾಮ್ರದ ತುಂಡನ್ನು ಜರ್ನಲ್ (ಕ್ರ್ಯಾಂಕ್‌ನಲ್ಲಿ ಬೇರಿಂಗ್ ಕೂರುವ ಭಾಗ) ಮೇಲೆ ಅಡ್ಡಲಾಗಿ ಉಜ್ಜಿದಾಗ ತಾಮ್ರ ಅಂಟಿಕೊಂಡರೆ ಮೇಲ್ಮೈ ಒರಟಾಗಿದೆ. ಆಮೇಲೆ ಪ್ರತಿ ಜರ್ನಲ್ ಅನ್ನು ನಾಲ್ಕು ದಿಕ್ಕುಗಳಲ್ಲಿ, ಎರಡು ತುದಿಗಳಲ್ಲಿ ಅಳೆಯಿರಿ. ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ಅಂತರ 0.025 ಮಿ.ಮೀ. ಮೀರಿದ್ದರೆ ಹೊಸ ಶೆಲ್ ಹಾಕಿದರೂ ಅದು ಬಾಳುವುದಿಲ್ಲ. ಸಾಣೆಯ ಹಂತಗಳು ಸಾಮಾನ್ಯವಾಗಿ 0.25, 0.50, 0.75 ಮಿ.ಮೀ.; ಆ ಅಳತೆಯ ಶೆಲ್‌ಗಳು ಸಿಗುತ್ತವೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕ್ರ್ಯಾಂಕ್ ಅನ್ನು ಸಾಣೆಗೆ ಕೊಡಬೇಕು. ಹಳೆಯ ಎಂಜಿನ್‌ಗಳಲ್ಲಿ ಈ ಕ್ರಮ ತಪ್ಪಿದವರು ಒಳ್ಳೆಯ ಕ್ರ್ಯಾಂಕ್‌ಗಳನ್ನೇ ಕಳೆದುಕೊಂಡಿದ್ದಾರೆ.

ಜರ್ನಲ್ ಮತ್ತು ಬದಿಗೋಡೆ ಸೇರುವಲ್ಲಿ ಇರುವ ಸಣ್ಣ ದುಂಡನೆಯ ತಿರುವು ಅಲಂಕಾರವಲ್ಲ, ಒತ್ತಡ ಹಂಚುವ ವ್ಯವಸ್ಥೆ. ಸಾಣೆಯಲ್ಲಿ ಅದು ಚೂಪಾದ ಮೂಲೆಯಾದರೆ ಮುಂದೊಂದು ದಿನ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ. ಬಿರುಕುಗಳನ್ನೂ ಅಲ್ಲಿ ಮತ್ತು ಎಣ್ಣೆ ರಂಧ್ರಗಳ ಸುತ್ತ ಹುಡುಕಬೇಕು. ಹಗ್ಗದಲ್ಲಿ ತೂಗುಹಾಕಿ ಮೆಲ್ಲಗೆ ಬಡಿದಾಗ ಗಂಟೆಯಂತೆ ದನಿ ಕೊಡುವ ಕ್ರ್ಯಾಂಕ್ ಬಗ್ಗೆ ಭರವಸೆ ಇಡಬಹುದಾದರೂ, ಸಾಣೆಗೆ ಹಣ ಹಾಕುವ ಮುನ್ನ ಬಿರುಕು ತೋರಿಸುವ ಕಾಂತಕಣ ಪರೀಕ್ಷೆ ಮಾಡಿಸುವುದೇ ಲೇಸು.

ನನ್ನ ಎಂಜಿನ್‌ನಲ್ಲಿ ಶೆಲ್‌ಗಳೇ ಇಲ್ಲ, ಲೋಹವನ್ನು ಎರಕ ಹೊಯ್ದಿದ್ದಾರೆ. ಅದನ್ನು ಹೇಗೆ ಪರೀಕ್ಷಿಸುವುದು?

ಅದು ಬ್ಯಾಬಿಟ್, ಅಂದರೆ ಬಿಳಿಲೋಹ. 1839ರಲ್ಲಿ ಐಸಾಕ್ ಬ್ಯಾಬಿಟ್ ರೂಪಿಸಿದ, ತವರ, ಆಂಟಿಮೊನಿ ಮತ್ತು ತಾಮ್ರಗಳ ಮಿಶ್ರಣ. ಫೋರ್ಡ್ ಮಾಡೆಲ್ ಎ ಸೇರಿದಂತೆ ಆ ಕಾಲದ ಅನೇಕ ಎಂಜಿನ್‌ಗಳಲ್ಲಿ ಹೀಗೆ ಹೊಯ್ದ ಬೇರಿಂಗ್‌ಗಳಿದ್ದವು. ಇದರ ದೊಡ್ಡ ರೋಗ ಸವೆತಕ್ಕಿಂತಲೂ ಬಿಳಿಲೋಹ ತನ್ನ ಆಸರೆಯಿಂದ ಬಿಟ್ಟುಕೊಳ್ಳುವುದು. ಬೇರಿಂಗ್ ಅನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಲೋಹಗಳು ಸೇರುವ ಅಂಚಿಗೆ ಸೀಮೆಸುಣ್ಣ ಬಳಿದು ಬೆರಳಿನಿಂದ ಒತ್ತಿದಾಗ ಸುಣ್ಣದ ಮೇಲೆ ಒದ್ದೆ ಗೆರೆ ಮೂಡಿದರೆ ಹಿಡಿತ ತಪ್ಪಿದೆ ಎಂದೇ ತಿಳಿಯಬೇಕು. ಹಿಡಿತ ಗಟ್ಟಿಯಿದ್ದು ಜರ್ನಲ್ ದುಂಡಗಿದ್ದರೆ, ಕ್ಯಾಪ್‌ನ (ಬೇರಿಂಗ್ ಬಿಗಿಯುವ ಮುಚ್ಚಳದ) ಅಡಿಯ ಶಿಮ್ ಎಂಬ ತೆಳು ತಗಡಿನ ಪದರಗಳನ್ನು ತೆಗೆದು ಸಡಿಲವನ್ನು ಸರಿಪಡಿಸಲು ಆ ಎಂಜಿನ್‌ಗಳನ್ನೇ ಹಾಗೆ ಕಟ್ಟಲಾಗಿತ್ತು. ಮೊಟ್ಟೆಯಾಕಾರದ ಜರ್ನಲ್‌ಗೆ ಶಿಮ್ ತೆಗೆಯುವುದು ಮಾತ್ರ ವ್ಯರ್ಥ.

ಕ್ಯಾಮ್ ಶಾಫ್ಟ್‌ನ ಟ್ಯಾಪೆಟ್‌ಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ?

ಕ್ಯಾಮ್ ಹಾಳಾಗುತ್ತದೆ. ಕ್ಯಾಮ್ ಶಾಫ್ಟ್ ಮೇಲಿನ ಉಬ್ಬುಗಳೇ ಕ್ಯಾಮ್‌ಗಳು, ಅವು ಟ್ಯಾಪೆಟ್‌ಗಳನ್ನು ಎತ್ತಿ ವಾಲ್ವ್ ತೆರೆಯುತ್ತವೆ. ಚಪ್ಪಟೆಯಾಗಿ ಕಾಣುವ ಟ್ಯಾಪೆಟ್‌ನ ಮುಖ ಬಹುತೇಕ ಎಂಜಿನ್‌ಗಳಲ್ಲಿ ಕಣ್ಣಿಗೆ ತಿಳಿಯದಷ್ಟು ಉಬ್ಬಿರುತ್ತದೆ, ಕ್ಯಾಮ್‌ನ ಮೂಗು ಅಷ್ಟೇ ಸೂಕ್ಷ್ಮವಾಗಿ ಓರೆಯಾಗಿರುತ್ತದೆ. ಇವೆರಡರಿಂದಾಗಿ ಟ್ಯಾಪೆಟ್ ಮೇಲೇರುವಾಗ ತನ್ನ ಸುತ್ತಲೂ ತಿರುಗಿ, ಸವೆತ ಎಲ್ಲೆಡೆಗೆ ಹಂಚಿಹೋಗುತ್ತದೆ. ಎರಡು ಟ್ಯಾಪೆಟ್‌ಗಳನ್ನು ಮುಖಕ್ಕೆ ಮುಖ ಹಿಡಿದು ಬೆಳಕಿಗೆ ನೋಡಿ: ಅಂಚಿನಲ್ಲಿ ಬೆಳಕು ಕಂಡರೆ ಉಬ್ಬು ಉಳಿದಿದೆ, ನಡುವೆ ಕಂಡರೆ ಮುಖ ಬಟ್ಟಲಾಗಿದೆ. ಬಟ್ಟಲಾದ ಟ್ಯಾಪೆಟ್ ತಿರುಗದೆ ಒಂದೇ ಕಡೆ ಉಜ್ಜುತ್ತದೆ. ಒಟ್ಟಿಗೆ ತೇದ ಜೋಡಿಗಳು ಒಟ್ಟಿಗೇ ಇರಬೇಕು, ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್‌ಗಳೇ ಬೇಕು. ಡಯಲ್ ಗೇಜ್ ಇಟ್ಟು ಪ್ರತಿ ಕ್ಯಾಮ್‌ನ ಎತ್ತುವಿಕೆಯನ್ನು ಹೋಲಿಸಿ. ಒಂದು ಮೂಗು ಮಾತ್ರ ಗಿಡ್ಡಗಿದ್ದರೆ ಅದು ಗಟ್ಟಿ ಪದರ ಕಳೆದುಕೊಂಡಿದೆ.

ಮೊದಲ ಬಾರಿ ಓಡಿಸುವಾಗ ಐಡ್ಲಿಂಗ್‌ನಲ್ಲಿ ಬಿಡದೆ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ 20 ನಿಮಿಷ ಓಡಿಸುವ ಪದ್ಧತಿ ಇರುವುದು ಈ ಜೋಡಿಗಾಗಿಯೇ. ಇಂಥ ಎಂಜಿನ್‌ಗಳಿಗೆ ಸತು ಮತ್ತು ರಂಜಕವಿರುವ ಸವೆತನಿರೋಧಕ ಸಾಕಷ್ಟಿರುವ ಎಣ್ಣೆ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್‌ಗಳನ್ನು ಉಳಿಸಲು ಹೊಸ ಕಾರುಗಳ ಎಣ್ಣೆಗಳಲ್ಲಿ ಅದನ್ನು ಕಡಿಮೆ ಮಾಡಲಾಗಿದೆ.

ಸೀಸವಿಲ್ಲದ ಪೆಟ್ರೋಲ್‌ನಿಂದ ವಾಲ್ವ್ ಸೀಟ್ ತಿಂದುಹೋಗುತ್ತದೆ ಎನ್ನುತ್ತಾರೆ. ನಿಜವೇ?

ನಿಜ, ಆದರೆ ಎಲ್ಲ ಎಂಜಿನ್‌ಗಳಿಗೂ ಒಂದೇ ಪ್ರಮಾಣದಲ್ಲಿ ಅಲ್ಲ. ಟೆಟ್ರಾಈಥೈಲ್ ಸೀಸ ನಾಕಿಂಗ್ (ಸಿಲಿಂಡರ್‌ನಲ್ಲಿ ಇಂಧನ ಹಠಾತ್ತನೆ ಸಿಡಿದು ಬಡಿಯುವುದು) ತಡೆಯುತ್ತದೆಂದು ಅಮೆರಿಕದ ಎಂಜಿನಿಯರ್ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡರು. 1923ರಿಂದ ಅದು ಪೆಟ್ರೋಲ್‌ನಲ್ಲಿ ಮಾರಾಟವಾಯಿತು. ಉರಿದಾಗ ಉಳಿಯುವ ಸೀಸದ ಲೇಪ ಎಗ್ಸಾಸ್ಟ್ ವಾಲ್ವ್ ಮತ್ತು ಅದು ಕೂರುವ ಎರಕಕಬ್ಬಿಣದ ಸೀಟ್ ನಡುವೆ ಮೆತ್ತೆಯಂತೆ ನಿಂತು, ಕಾದ ಲೋಹಗಳು ಬೆಸೆದು ಕಿತ್ತುಬರುವುದನ್ನು ತಡೆಯುತ್ತಿತ್ತು. 2021ರ ಜುಲೈನಲ್ಲಿ ಅಲ್ಜೀರಿಯಾ ನಿಲ್ಲಿಸುವುದರೊಂದಿಗೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವ ದೇಶ ಜಗತ್ತಿನಲ್ಲೇ ಉಳಿಯಲಿಲ್ಲ. 1923ಕ್ಕಿಂತ ಹಿಂದಿನ ಎಂಜಿನ್‌ಗಳು ಸೀಸವನ್ನು ಕಂಡೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ತೊಂದರೆ ಹೆಚ್ಚಾಗಿ ಬರುವುದು ಸೀಸದ ಕಾಲದಲ್ಲಿ ರೂಪುಗೊಂಡು, ದೀರ್ಘಕಾಲ ಹೆಚ್ಚು ವೇಗದಲ್ಲಿ ಭಾರ ಹೊತ್ತು ಓಡುವ ಎಂಜಿನ್‌ಗಳಿಗೆ.

ಲಕ್ಷಣ ಸುಲಭ: ವಾಲ್ವ್ ಸೀಟ್‌ನೊಳಗೆ ಕುಸಿದಂತೆ ಟ್ಯಾಪೆಟ್ ಸಂದು ಕಡಿಮೆಯಾಗುತ್ತ ಬರುತ್ತದೆ. ಟ್ಯಾಪೆಟ್ ಸದ್ದು ನಿಂತಿತೆಂದು ಸಂತೋಷಪಡಬಾರದು. ಹೆಡ್ ಬಿಚ್ಚಿದಾಗ ಎಗ್ಸಾಸ್ಟ್ ವಾಲ್ವ್‌ಗಳು ಇನ್ಲೆಟ್‌ಗಳಿಗಿಂತ ಆಳದಲ್ಲಿ ಕೂತಿದ್ದರೆ ಗಟ್ಟಿ ಸೀಟ್ ಉಂಗುರಗಳನ್ನು ಹಾಕಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ವಾಲ್ವ್ ತಲೆಯ ಅಂಚು ಚಾಕುವಿನಂತೆ ತೆಳುವಾಗಿದ್ದರೆ ಬದಲಾಯಿಸಿ, ಅದು ಕೆಂಪಗೆ ಕಾದು ಕಿಡಿಗಿಂತ ಮುಂಚೆಯೇ ಇಂಧನವನ್ನು ಹೊತ್ತಿಸುತ್ತದೆ. ಟೊಳ್ಳು ಕಾಂಡದ ವಾಲ್ವ್‌ಗಳಲ್ಲಿ ಸೋಡಿಯಂ ಇರಬಹುದಾದ್ದರಿಂದ ಅವನ್ನು ಕತ್ತರಿಸಬಾರದು, ಬೆಂಕಿಗೂ ಹಾಕಬಾರದು.

ಹೆಡ್ ಮತ್ತು ಬ್ಲಾಕ್‌ನಲ್ಲಿ ಬಿರುಕು ಎಲ್ಲಿ ಹುಡುಕಬೇಕು?

ಹೆಡ್‌ನಲ್ಲಿ ಎರಡು ವಾಲ್ವ್ ಸೀಟ್‌ಗಳ ನಡುವಿನ ಸೇತುವೆಯಲ್ಲಿ, ಸೀಟ್ ಮತ್ತು ಪ್ಲಗ್ ರಂಧ್ರದ ನಡುವೆ; ಬ್ಲಾಕ್‌ನಲ್ಲಿ ನೀರಿನ ಕೋಶದ ಹೊರಗೋಡೆಯ ಉದ್ದಕ್ಕೂ. ಚಳಿಯಲ್ಲಿ ಒಳಗಿನ ನೀರು ಹೆಪ್ಪುಗಟ್ಟಿದ್ದರೆ ಬಿರುಕು ಸಾಮಾನ್ಯವಾಗಿ ಆ ಹೊರಗೋಡೆಯಲ್ಲೇ ಬರುತ್ತದೆ, ಹಳೆಯ ಬಣ್ಣ ಮತ್ತು ಜಿಡ್ಡು ಅದನ್ನು ಮುಚ್ಚಿರುತ್ತದೆ. ಸೂಕ್ಷ್ಮ ಬಿರುಕಿಗೆ ಬಣ್ಣದ ದ್ರಾವಣದ ಪರೀಕ್ಷೆ, ಸಂಶಯವಿದ್ದರೆ ಒತ್ತಡ ಪರೀಕ್ಷೆ. ಹೆಡ್‌ನ ಮೇಲ್ಮೈಗೆ ನೇರಪಟ್ಟಿಯನ್ನು ಉದ್ದ, ಅಡ್ಡ ಮತ್ತು ಎರಡು ಕರ್ಣಗಳಲ್ಲಿ ಇಟ್ಟು ಫೀಲರ್ ತೂರಿಸಿ, 0.05 ಮಿ.ಮೀ. ಎಲೆ ತೂರದಿದ್ದರೆ ನಿಶ್ಚಿಂತೆ, 0.10 ತೂರಿದರೆ ಮಟ್ಟ ಮಾಡಿಸಬೇಕು. ಎರಕಕಬ್ಬಿಣದ ಬ್ಲಾಕ್ ಬಿರುಕು ಬಿಟ್ಟಿತೆಂದು ಎಸೆಯಬೇಕಿಲ್ಲ, ಕಾಯಿಸದೆಯೇ ಲೋಹದ ಹೊಲಿಗೆ ಹಾಕುವ ವಿಧಾನದಿಂದ ಅಂಥವು ಮತ್ತೆ ದಶಕಗಳ ಕಾಲ ಓಡುತ್ತವೆ.

ಟೈಮಿಂಗ್ ಚೈನ್, ಆಯಿಲ್ ಪಂಪ್?

ಚೈನ್ ಅನ್ನು ಪಕ್ಕಕ್ಕೆ ಮಲಗಿಸಿ ಒಂದು ತುದಿಯಲ್ಲಿ ಹಿಡಿದಾಗ ಬಿಲ್ಲಿನಂತೆ ಬಾಗಿದರೆ ಅದರ ಕೀಲುಗಳು ತೇದಿವೆ. ಕೊಕ್ಕೆಯಂತಾದ ಹಲ್ಲುಗಳ ಚಕ್ರಗಳನ್ನು ಜೊತೆಗೇ ಬದಲಾಯಿಸಬೇಕು. ಪಂಪ್‌ನ ಗೇರ್ ಮತ್ತು ಮುಚ್ಚಳದ ನಡುವಿನ ಸಂದು 0.05ರಿಂದ 0.10 ಮಿ.ಮೀ. ಒಳಗಿರಬೇಕು. ಮುಚ್ಚಳ ತೇದಿದ್ದರೆ ಗಾಜಿನ ಮೇಲೆ ಎಮರಿ ಕಾಗದವಿಟ್ಟು ಉಜ್ಜಿ ಮಟ್ಟ ಮಾಡಬಹುದು.

## ಜೋಡಣೆ ಮತ್ತು ತೀರ್ಮಾನ

ಎರಡು ಎಂಜಿನ್ ಸೇರಿಸಿ ಒಂದು ಒಳ್ಳೆಯದನ್ನು ಕಟ್ಟಬಹುದೇ?

ಕಟ್ಟಬಹುದು, ಹುಟ್ಟುಜೋಡಿಗಳನ್ನು ಬೇರ್ಪಡಿಸದಿದ್ದರೆ. ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಅದೇ ಬ್ಲಾಕ್‌ಗೆ ಬಿಗಿದು ಒಟ್ಟಿಗೆ ಕೊರೆದಿರುತ್ತಾರೆ. ಬೇರೆ ಬ್ಲಾಕ್‌ನ ಕ್ಯಾಪ್ ಹಾಕಿದರೆ ಮತ್ತೆ ಸಾಲುಕೊರೆತ ಮಾಡಿಸದೆ ವಿಧಿಯಿಲ್ಲ. ರಾಡ್ ಮತ್ತು ಅದರ ಕ್ಯಾಪ್ ಹಾಗೆಯೇ. ಬೇರಿಂಗ್ ಸಡಿಲವಾಗಿದೆಯೆಂದು ಕ್ಯಾಪ್‌ನ ಮುಖವನ್ನು ಅರದಿಂದ ಉಜ್ಜುವ ಹಳೆಯ ದುರಭ್ಯಾಸದ ಗುರುತು ಕಂಡರೆ ಆ ರಾಡ್ ಅನ್ನು ಬದಿಗಿಡಿ. ಬೇರೆ ಎಂಜಿನ್‌ನ ರಾಡ್ ಅಥವಾ ಪಿಸ್ಟನ್ ಬಳಸುವಾಗ ತೂಕ ಹೋಲಿಸಬೇಕು, ಫ್ಲೈವೀಲ್ ಬದಲಾದರೆ ಬ್ಯಾಲೆನ್ಸ್ ಪರೀಕ್ಷಿಸಬೇಕು.

ಎಂಜಿನ್ ಹೊರಗಿರುವಾಗ ಫ್ಲೈವೀಲ್, ಕ್ಲಚ್ ಬದಿಯಲ್ಲಿ ಏನು ನೋಡಲಿ?

ರಿಂಗ್ ಗೇರ್‌ನ ಹಲ್ಲುಗಳನ್ನು ಪೂರ್ತಿ ಸುತ್ತು ನೋಡಿ. ಎಂಜಿನ್ ನಿಲ್ಲುವಾಗ ಯಾವುದೋ ಒಂದು ಸಿಲಿಂಡರ್‌ನ ಕಂಪ್ರೆಷನ್‌ಗೆ ತಡೆದು ನಿಲ್ಲುವುದರಿಂದ ಸ್ಟಾರ್ಟರ್ ಸದಾ ಕೆಲವೇ ಹಲ್ಲುಗಳನ್ನು ಕಚ್ಚುತ್ತದೆ: ನಾಲ್ಕು ಸಿಲಿಂಡರ್‌ನಲ್ಲಿ ಎದುರುಬದುರಾದ ಎರಡು ಕಡೆ, ಆರರಲ್ಲಿ ಮೂರು ಕಡೆ ಹಲ್ಲು ತೇದಿರುತ್ತದೆ. ಫ್ಲೈವೀಲ್ ಮುಖದಲ್ಲಿ ನೀಲಿ ಮಚ್ಚೆ ಮತ್ತು ಕೂದಲಿನಂಥ ಬಿರುಕುಗಳಿದ್ದರೆ ಅದು ಕಾದಿದೆ. ಕ್ರ್ಯಾಂಕ್‌ನ ತುದಿಯಲ್ಲಿ ಗೇರ್‌ಬಾಕ್ಸ್ ದಂಡದ ಮೂತಿಯನ್ನು ಹಿಡಿಯುವ ಸ್ಪಿಗಾಟ್ ಬುಷ್ ಅಗ್ಗದ, ಸಣ್ಣ ಭಾಗ. ಎಂಜಿನ್ ಮತ್ತೆ ಇಳಿಸದೆ ಅದನ್ನು ಮುಟ್ಟಲಾಗದ್ದರಿಂದ ಈಗಲೇ ಬದಲಾಯಿಸಿ. ಬೇರೆ ಎಂಜಿನ್‌ಗೆ ಹಳೆಯ ಗೇರ್‌ಬಾಕ್ಸ್ ಸೇರಿಸುವಾಗ ಬೆಲ್ ಹೌಸಿಂಗ್‌ನ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚದ) ನಡುರಂಧ್ರ ಕ್ರ್ಯಾಂಕ್‌ನೊಂದಿಗೆ ಒಂದೇ ಕೇಂದ್ರದಲ್ಲಿದೆಯೇ ಎಂದು ಡಯಲ್ ಗೇಜ್‌ನಿಂದ ನೋಡಲೇಬೇಕು. ಅದು ತಪ್ಪಿದರೆ ಬುಷ್, ಇನ್‌ಪುಟ್ ಶಾಫ್ಟ್, ಕ್ಲಚ್ ಪ್ಲೇಟ್ ಮೂರೂ ಬೇಗ ಹೋಗುತ್ತವೆ.

ಕೈಪಿಡಿ ಎಲ್ಲೂ ಸಿಗುತ್ತಿಲ್ಲ. ಕ್ಲಿಯರೆನ್ಸ್ ಎಷ್ಟಿರಬೇಕೆಂದು ಹೇಗೆ ತಿಳಿಯಲಿ?

ಮೊದಲು ಸವೆಯದ ಜಾಗಗಳಲ್ಲಿ ಮೂಲ ಅಳತೆ ಹುಡುಕಿ. ಬೋರ್‌ನ ತಳದಲ್ಲಿ ರಿಂಗ್ ತಲುಪದ ಪಟ್ಟಿ, ಸೀಲ್ ಅಥವಾ ಬೇರಿಂಗ್ ಮುಟ್ಟದ ಜರ್ನಲ್ ಭಾಗ, ಗೈಡ್‌ನಿಂದ ಹೊರಗಿರುವ ವಾಲ್ವ್ ಕಾಂಡ ಇವು ತಯಾರಾದ ದಿನದ ಅಳತೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತವೆ. ಶೆಲ್ ಬೇರಿಂಗ್‌ಗೆ ಜರ್ನಲ್ ವ್ಯಾಸದ ಸಾವಿರದ ಒಂದು ಭಾಗ, ಅಂದರೆ 50 ಮಿ.ಮೀ.ಗೆ 0.05 ಮಿ.ಮೀ., ಮೇಲಿನ ಮಿತಿಯೆಂದು ಇಟ್ಟುಕೊಳ್ಳಬಹುದು. ಒತ್ತಿದಷ್ಟು ಚಪ್ಪಟೆಯಾಗುವ ಪ್ಲಾಸ್ಟಿಗೇಜ್ ಎಂಬ ಪ್ಲಾಸ್ಟಿಕ್ ಎಳೆಯನ್ನು ಜರ್ನಲ್ ಮೇಲಿಟ್ಟು, ಕ್ಯಾಪ್ ಅನ್ನು ಸರಿಯಾದ ಬಿಗಿತಕ್ಕೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ ಅದರ ಅಗಲ ನೋಡಿದರೆ ಈ ಸಂದು ನೇರವಾಗಿ ತಿಳಿಯುತ್ತದೆ. ಕ್ರ್ಯಾಂಕ್‌ನ ಹಿಂದುಮುಂದಿನ ಅಲುಗಾಟ 0.1ರಿಂದ 0.2 ಮಿ.ಮೀ. ಇರುವುದು ಸಾಮಾನ್ಯ.

ಹಳೆಯ ಎಂಜಿನ್ ಬೇರಿಂಗ್ ಹೋಗಿ ನಿಂತಿತ್ತು. ಹೊಸದನ್ನು ಕೂರಿಸುವ ಮುನ್ನ ವಾಹನದಲ್ಲಿ ಏನೇನು ನೋಡಬೇಕು?

ಬಿಚ್ಚಿದ ಭಾಗಗಳು ಏನು ಹೇಳಿದವೋ ಅದರ ಜಾಡು ಹಿಡಿಯಬೇಕು. ಧೂಳಿನ ಗೀರುಗಳಿದ್ದರೆ ಏರ್ ಕ್ಲೀನರ್‌ನಿಂದ ಕಾರ್ಬ್ಯುರೇಟರ್‌ವರೆಗಿನ ಪ್ರತಿ ಕೀಲು ಮತ್ತು ಕೊಳವೆ. ಅತಿಶಾಖದ ಗುರುತಿದ್ದರೆ ರೇಡಿಯೇಟರ್, ಅದರ ಮುಚ್ಚಳ, ಫ್ಯಾನ್. ಥ್ರಸ್ಟ್ ಸವೆದಿದ್ದರೆ ಕ್ಲಚ್‌ನ ಬಿಡುವು. ಬೇರಿಂಗ್ ಲೋಹ ಎಣ್ಣೆಯಲ್ಲಿ ಸುತ್ತಾಡಿದ್ದರೆ ವಾಹನದಲ್ಲೇ ಉಳಿಯುವ ಆಯಿಲ್ ಕೂಲರ್ ಮತ್ತು ಕೊಳವೆಗಳಲ್ಲಿ ಅದರ ಚೂರುಗಳು ಖಂಡಿತ ಇರುತ್ತವೆ. ಕೊಳವೆಗಳನ್ನು ತೊಳೆಯಬಹುದು, ಕೂಲರ್ ಅನ್ನು ಬದಲಾಯಿಸುವುದೇ ಕ್ಷೇಮ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಮರೆತರೆ ಸ್ಟಾರ್ಟರ್‌ನ ವಿದ್ಯುತ್ತು ಥ್ರಾಟಲ್ ಮತ್ತು ಕ್ಲಚ್ ಕೇಬಲ್‌ಗಳ ಮೂಲಕ ದಾರಿ ಮಾಡಿಕೊಂಡು ಅವನ್ನು ಸುಡುತ್ತದೆ.

ಕೂರಿಸಿದ ಮೇಲೆ ಪ್ಲಗ್‌ಗಳನ್ನು ತೆಗೆದಿಟ್ಟು, ಎಣ್ಣೆಯ ಒತ್ತಡ ಗೇಜ್‌ನಲ್ಲಿ ಕಾಣುವ ತನಕ ತಿರುಗಿಸಿ, ಆಮೇಲೆಯೇ ಸ್ಟಾರ್ಟ್ ಮಾಡಬೇಕು. ಮೊದಲ ಓಟದ ನಂತರ ಫಿಲ್ಟರ್ ತೆಗೆದು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಳಿಹಾಳೆಯ ಮೇಲೆ ಬಿಡಿಸಿ ನೋಡಿ. ಆಯಸ್ಕಾಂತಕ್ಕೆ ಹತ್ತುವ ಸಣ್ಣ ಪುಡಿ ಹೊಸ ರಿಂಗ್ ಮತ್ತು ಬೋರ್ ಹೊಂದಿಕೊಳ್ಳುವಾಗ ಬರುವಂಥದ್ದು, ಅದು ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಹತ್ತದ ಬೆಳ್ಳಿಬಣ್ಣದ ಅಥವಾ ತಾಮ್ರಬಣ್ಣದ ಚಕ್ಕೆಗಳು ಕಂಡರೆ ಮತ್ತೆ ಓಡಿಸದೆ ಸಂಪ್ ಇಳಿಸಬೇಕು.